ಐದು ಮನೆಯ ಹಿಟ್ಟು

ಅಪ್ಪ ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ, ಚಂದ್ರಾ ಲೇಔಟಿನ ಒಂದು ಗೇಟಿನೊಳಗಿನಿಂದ ಅವರಿಗೆ ಹಿಂದಿನ ರಾತ್ರಿಯ ಚಿತ್ರಾನ್ನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಕೊಟ್ಟವರು ಗೇಟು ತೆರೆಯಲಿಲ್ಲ. ಕಂಬಿಗಳ ನಡುವೆ ಕೈ ತೂರಿಸಿ, "ತಗೊಂಡು ಮುಂದೆ ಹೋಗಪ್ಪಾ" ಎಂದರಂತೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಆ ಮನೆಗೆ ಒಳ್ಳೆಯದಾಗಲೆಂದು ಹರಸಿ, ತಂದು ನನ್ನ ಮುಂದಿಟ್ಟರು.

"ಏನವ್ವಾ ಇದು? ಹಿಟ್ಟು ಕೊಡೂದು ಬಿಟ್ಟು ಅನ್ನ ಯಾಕ ಕೊಟ್ರು? ಅದೂ ತಂಗಳ?"

ನಾನು ಶಾಲೆಗೆ ಹೊರಟು ನಿಂತಿದ್ದೆ. ನಿಮ್ಮನ್ನು ಭಿಕ್ಷುಕ ಅಂದುಕೊಂಡಿದ್ದಾರೆ ಎಂದು ಹೆತ್ತ ಅಪ್ಪನಿಗೆ ಯಾವ ಬಾಯಿಂದ ಹೇಳುವುದು? "ಇಲ್ಲೆ ಮಂದಿ ಹಂಗs ಅಪ್ಪಾ" ಎಂದೆ. ಎರಡು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನವೂ ಅದೇ ಆಗಿತ್ತು.

ಅಲ್ಲಿ, ಕೃಷ್ಣೆಯ ಆ ಕಡೆ ಈ ಕಡೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮದು ಜಂಗಮರ ಮನೆ. ಅಪ್ಪ ಊರಿನ ಅಯ್ಯನೋರು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವವರು, ಮದುವೆಗೆ ಅಕ್ಷತೆ ಹಾಕಿಸುವವರು, ಸತ್ತವರ ತಲೆಯ ಮೇಲೆ ಪಾದವಿಟ್ಟು ಕಳಿಸಿಕೊಡುವವರು ಅವರೇ. ಇದಕ್ಕೆಲ್ಲ ಪ್ರತಿಯಾಗಿ ಅಯ್ಯನೋರಿಗೆ ಒಂದು ನೇಮವಿದೆ, ಅದಕ್ಕೆ ಕಂತಿಭಿಕ್ಷೆ ಎನ್ನುತ್ತಾರೆ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಹೆಗಲಿಗೆ ಜೋಳಿಗೆ ಹಾಕಿ ಐದು ಮನೆಯ ಮುಂದೆ ನಿಲ್ಲಬೇಕು. ಕೇಳುವಂತಿಲ್ಲ, ಬರೀ ನಿಲ್ಲಬೇಕು. ಮನೆಯವ್ವ ಬಾಗಿಲಿಗೆ ನೀರು ಹಾಕಿ, ಪಾದ ಮುಟ್ಟಿ, ಒಂದು ಬೊಗಸೆ ಹಿಟ್ಟು ಹಾಕುತ್ತಾಳೆ. ಆ ಐದು ಮನೆಯ ಹಿಟ್ಟು ಕೂಡಿಸಿ ತಟ್ಟಿದ ರೊಟ್ಟಿಯಿಂದಲೇ ಅಯ್ಯನೋರ ದಿನದ ಊಟ ಶುರುವಾಗಬೇಕು. ಎಷ್ಟೋ ಮನೆತನಗಳು ಇದನ್ನು ಬಿಟ್ಟು ತಲೆಮಾರುಗಳಾದವು. ನಮ್ಮಪ್ಪ ಬಿಟ್ಟಿರಲಿಲ್ಲ. ನಮಗೆ ಆರು ಎಕರೆ ಹೊಲವಿತ್ತು, ಮನೆಯಲ್ಲಿ ಕಾಳಿನ ಹಗೇವು ತುಂಬಿರುತ್ತಿತ್ತು, ಆದರೂ ಆ ಬೊಗಸೆ ಹಿಟ್ಟು ಬಾರದೆ ಅವರು ತಾಟಿನ ಮುಂದೆ ಕೂಡುತ್ತಿರಲಿಲ್ಲ.

ಅಪ್ಪ ದೊಡ್ಡ ಪುಣ್ಯಾತ್ಮರೇನೂ ಅಲ್ಲ. ಮೂಗಿನ ತುದಿಯಲ್ಲೇ ಸಿಟ್ಟು, ಜೊತೆಗೆ ನಶ್ಯ. ಬದುವಿನ ತಕರಾರಿನಲ್ಲಿ ಚಿಕ್ಕಪ್ಪನ ಜೊತೆ ಮಾತು ಬಿಟ್ಟವರು ಆತ ಸಾಯುವವರೆಗೂ ಆಡಲಿಲ್ಲ. ಊರಿಗೆ ಇದೆಲ್ಲ ಗೊತ್ತಿತ್ತು. ಅವರು ಒಳ್ಳೆಯವರೆಂದು ಯಾರೂ ಪಾದ ಮುಟ್ಟುತ್ತಿರಲಿಲ್ಲ. ಬಾಗಿಲಿಗೆ ಬಂದು ನಿಂತರೆಂದು ಮುಟ್ಟುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೆ ನನಗೆ ಬಹಳ ಯೋಚನೆ ಹಚ್ಚಿದ್ದು ಈ ವ್ಯತ್ಯಾಸವೇ.

ನಾನು ಅಪ್ಪನಿಗಿಂತ ಎರಡು ವರ್ಷ ಮುಂಚೆ ಬಂದವಳು. ನನ್ನ ಯಜಮಾನರಿಗೆ ಇಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತು. ಮನೆ ಹುಡುಕಲು ವಿಜಯನಗರದಿಂದ ಮಲ್ಲತ್ತಹಳ್ಳಿಯವರೆಗೆ ಬಿಸಿಲಲ್ಲಿ ತಿರುಗಿದೆವು. ಗೇಟಿಗೆ 'ಟು ಲೆಟ್' ಬೋರ್ಡು ಇರುತ್ತಿತ್ತು, ನಾವು ಬಾಯಿ ತೆರೆದ ಕೂಡಲೇ "ಯಾವ ಕಡೆಯವ್ರು?" ಎಂಬ ಪ್ರಶ್ನೆ ಬರುತ್ತಿತ್ತು. ಹೇಳಿದರೆ, "ಓ, ಆ ಕಡೆಯವ್ರಾ, ಜಾಸ್ತಿ ಜನ ಬಂದು ಉಳ್ಕೊಂತಾರೆ" ಎಂದು ಬೋರ್ಡು ಒಳಗಿಡುತ್ತಿದ್ದರು. ಕಡೆಗೆ ಚಂದ್ರಾ ಲೇಔಟಿನಲ್ಲಿ, ಮಾಗಡಿ ಕಡೆಯ ಒಬ್ಬ ವಿಧವೆ ತಮ್ಮ ಮೇಲಿನ ಮನೆಯನ್ನು ಕೊಟ್ಟರು. ಇಲ್ಲಿ ಮನೆಯ ಒಡತಿಗೆ ಓನರ್ ಎನ್ನುತ್ತಾರೆ, ವಯಸ್ಸಾದವರಾದರೆ ಜೊತೆಗೆ ಆಂಟಿ. ಓನರ್ ಆಂಟಿ ಮೊದಲ ದಿನವೇ ಸಂಪು ತೋರಿಸಿದರು. ಸಂಪು ಎಂದರೆ ನೆಲದಡಿಯ ನೀರಿನ ತೊಟ್ಟಿ. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ, ಬಂದಾಗ ಮುಚ್ಚಳ ತೆಗೆದು ನೋಡಬೇಕು. ಇಡೀ ಊರನ್ನು ನುಂಗುವಷ್ಟು ನೀರಿದ್ದ ಕಡೆಯಿಂದ ಬಂದು ನಾನು ಬ್ಯಾಟರಿ ಹಿಡಿದು ಸಂಪಿನೊಳಗೆ ಇಣುಕುತ್ತಿದ್ದೆ.

ಅಂಗಡಿಯಲ್ಲಿ ಜೋಳ ಕೇಳಿದರೆ ಮೆಕ್ಕೆಜೋಳ ತೋರಿಸುತ್ತಿದ್ದರು. ಆಂಟಿ ಕೊಟ್ಟ ಮುದ್ದೆಯನ್ನು ಅಗಿದು ತಿಂದು ನಗೆಪಾಟಲಾದೆ. ಅದನ್ನು ಸಾರಿನಲ್ಲಿ ಅದ್ದಿ ನುಂಗಬೇಕಂತೆ. ವಿಜಯನಗರದ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಹೆಡ್‌ಮಿಸ್, "ಇಂಗ್ಲಿಷ್ ಚೆನ್ನಾಗಿದೆ ನಿಮ್ದು. ಕನ್ನಡ ಮಾತ್ರ ಸ್ವಲ್ಪ ನೋಡ್ಕೊಳಿ, ಮಕ್ಳು ನಗ್ತಾರೆ" ಎಂದರು. ನಾನು ನೋಡಿಕೊಂಡೆ. ಆರು ತಿಂಗಳಲ್ಲಿ 'ಹೋಗ್ತೀನಿ, ಬರ್ತೀನಿ' ನಾಲಿಗೆಗೆ ಹತ್ತಿತು. ಬಸ್ಸಿನಲ್ಲಿ ಕಂಡಕ್ಟರು ನನ್ನನ್ನು ಯಾವ ಊರೆಂದು ಕೇಳುವುದು ನಿಂತ ದಿನ ಒಂದು ಪರೀಕ್ಷೆ ಪಾಸಾದಷ್ಟು ಖುಷಿಯಾಗಿತ್ತು. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ, ಯಾಕೆಂದು ಆಗ ತಿಳಿಯಲಿಲ್ಲ.

ಆಮೇಲೆ ಊರು ಮುಳುಗಿತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ನಾವು ಚಿಕ್ಕವರಿದ್ದಾಗಿನಿಂದ ಹೇಳುತ್ತಲೇ ಇದ್ದರು, ಅದಕ್ಕೇ ಯಾರೂ ನಂಬಿರಲಿಲ್ಲ. ಊರಿನ ಹೆಸರು ಇಲ್ಲಿ ಬರೆದು ಉಪಯೋಗವಿಲ್ಲ; ಈಗ ಯಾವ ಬಸ್ಸಿನ ಬೋರ್ಡಿನಲ್ಲೂ ಆ ಹೆಸರಿಲ್ಲ. ಕೆಲವರು ಪುನರ್ವಸತಿ ಕೇಂದ್ರದ ತಗಡಿನ ಮನೆಗೆ ಹೋದರು, ಕೆಲವರು ಗೋವಾಕ್ಕೆ, ಮಂಗಳೂರಿಗೆ, ಪುಣೆಗೆ ಗಾರೆ ಕೆಲಸಕ್ಕೆ ಹೋದರು. ಅವ್ವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಒಂದಷ್ಟು ದಿನ ಕೇಂದ್ರದಲ್ಲಿದ್ದು ನೋಡಿದರು. ಅಲ್ಲಿ ಅರ್ಧ ಮನೆಗಳಿಗೆ ಬೀಗ, ಉಳಿದರ್ಧ ಬೇರೆ ಊರಿನವರು, ಅವರಿಗೆ ಅವರದೇ ಅಯ್ಯನೋರು. ಹಾಗಾಗಿ ನಾನಿರುವಲ್ಲಿಗೆ ಬಂದರು. ಬರುವಾಗ ಒಂದು ಟ್ರಂಕು, ಒಂದು ಬೆತ್ತ, ಜೋಳಿಗೆ.

ಈ ಊರಿನಲ್ಲಿ ಜೋಳಿಗೆ ಹೊರಗೆ ತೆಗೆಯುತ್ತಾರೆಂದು ನನಗೆ ಅನಿಸಿರಲಿಲ್ಲ. ಅವರಿಗೆ ತೆಗೆಯದಿರುವುದು ಹೇಗೆಂದೇ ಗೊತ್ತಿರಲಿಲ್ಲ. ಬೆಂಗಳೂರಿನ ಬೀದಿಯನ್ನು ಅವರು ಊರಿನ ಓಣಿಯಂತೆಯೇ ನಂಬಿದರು. ಊರಿನ ಬಾಗಿಲು ರಸ್ತೆಗೇ ತೆರೆದಿರುತ್ತಿತ್ತು. ಇಲ್ಲಿ ಮೊದಲು ಗೇಟು, ಗೇಟಿಗೆ 'ನಾಯಿ ಇದೆ ಎಚ್ಚರಿಕೆ', ಆಮೇಲೆ ಕಾರು, ಅದರಾಚೆ ಕಬ್ಬಿಣದ ಇನ್ನೊಂದು ಬಾಗಿಲು, ಕೊನೆಗೆ ಮರದ ಬಾಗಿಲು. ಅಪ್ಪ ಗೇಟಿನ ಹೊರಗೆ ಸುಮ್ಮನೆ ನಿಲ್ಲುತ್ತಿದ್ದರು. ಬೆಲ್ಲು ಒತ್ತಿದರೆ ಕೇಳಿದಂತಾಗುತ್ತದೆ, ಅದಕ್ಕೆ ಒತ್ತುತ್ತಿರಲಿಲ್ಲ. ಒಳಗಿನವರಿಗೆ ಇವರು ನಿಂತದ್ದೇ ತಿಳಿಯುತ್ತಿರಲಿಲ್ಲ. ತಿಳಿದವರು ಕಿಟಕಿಯಿಂದಲೇ ಕೈಯಾಡಿಸಿ, "ಚಿಲ್ರೆ ಇಲ್ಲ" ಎನ್ನುತ್ತಿದ್ದರು. ಒಬ್ಬ ಹುಡುಗ ಮಾತ್ರ, ಕಾಲೇಜಿಗೆ ಹೋಗುವವನು, "ತಾತ, ಆಶ್ರಮ ಏನಾದ್ರೂ ಬೇಕಾ, ನಂಬರ್ ಕೊಡ್ಲಾ?" ಎಂದು ಕಳಕಳಿಯಿಂದ ಕೇಳಿದನಂತೆ.

ದಿನಗಟ್ಟಲೆ ಖಾಲಿ ಜೋಳಿಗೆ. ಖಾಲಿ ಬಂದ ದಿನ ಅಪ್ಪ ಒಂದು ಲೋಟ ಹಾಲು ಕುಡಿದು, ಬಾಳೆಹಣ್ಣು ತಿಂದು ಮಲಗುತ್ತಿದ್ದರು. ಹಾಲು ಹಣ್ಣಿಗೆ ನೇಮವಿಲ್ಲವಂತೆ. ನಾನು ರೊಟ್ಟಿ ತಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಮುಂದಿಡುತ್ತಿದ್ದೆ. ಅವರಿಗೆ ಪ್ರಾಣವಾದ ಪಲ್ಯ ಅದು. ತಾಟು ನೋಡಿ, "ನಾಳೆ ನೋಡೂಣವ್ವಾ" ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಎರಡೇ ತಿಂಗಳಿಗೆ ಅಂಗಿಯ ಕೊರಳು ಸಡಿಲಾಗಿ ಎಲುಬು ಕಾಣತೊಡಗಿತು. ವೈದ್ಯರು, "ಊಟ ಸರಿ ಮಾಡ್ತಾ ಇಲ್ಲ ಅಷ್ಟೆ, ಬೇರೇನೂ ಕಾಯಿಲೆ ಇಲ್ಲ" ಎಂದರು. ಊಟವೇ ಕಾಯಿಲೆಯೆಂದು ಅವರಿಗೆ ಹೇಗೆ ತಿಳಿಸಲಿ?

ಅದೇ ದಿನಗಳಲ್ಲಿ ಐದನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ 'ಸೇಂಟ್' ಎಂಬ ಪದ ಬಂತು. ಅರ್ಥ ಬರೆಯಿರಿ, ಸಮಾನಾರ್ಥಕ ಪದಗಳನ್ನು ಕೊಡಿ ಎಂದು ವರ್ಕ್‌ಬುಕ್ಕಿನಲ್ಲಿತ್ತು. ಬೋರ್ಡಿನ ಮೇಲೆ ಬರೆದು, ಯಾರಿಗೆ ಗೊತ್ತು ಎಂದೆ. "ಸ್ಕೂಲ್ ಹೆಸ್ರು ಮಿಸ್" ಎಂದಿತು ಒಂದು ಕೂಸು. ಅದರದೇನೂ ತಪ್ಪಿಲ್ಲ. ಈ ಊರಿನಲ್ಲಿ ಫೀಸು ಜಾಸ್ತಿಯಿರುವ ಶಾಲೆಗಳ ಹೆಸರು ಶುರುವಾಗುವುದೇ ಆ ಪದದಿಂದ. ಇನ್ನೊಬ್ಬಳು, "ಟೀವೀಲಿ ಬೆಳಗ್ಗೆ ಬರ್ತಾರಲ್ಲ ಮಿಸ್, ಅವ್ರು" ಎಂದಳು. ನಾನು ನಿಘಂಟು ನೋಡಿ ಹೇಳಿಕೊಟ್ಟೆ. ಮೊದಲನೆಯದು, ಸತ್ತ ಮೇಲೆ ಪವಾಡಗಳನ್ನೆಲ್ಲ ವಿಚಾರಿಸಿ, ಇವರು ಪವಿತ್ರರೆಂದು ಚರ್ಚು ಒಪ್ಪಿದವರು. ಎರಡನೆಯದು, ಬಹಳ ಒಳ್ಳೆಯವರು, ತಾಳ್ಮೆಯವರು. ಈ ಎರಡನೆಯದನ್ನು ನಮ್ಮ ಹೆಡ್‌ಮಿಸ್ ಬಳಸುತ್ತಿದ್ದರು: "ನಮ್ಮನೆಯವ್ರು ಸೇಂಟ್ ಕಣ್ರೀ, ನಾನೇನಂದ್ರೂ ಒಂದ್ ಮಾತು ಎದುರಾಡಲ್ಲ."

ಕನ್ನಡದಲ್ಲಿ ಏನು ಬರೆಸುವುದು ಎಂದು ನಾನು ಚಾಕ್‌ಪೀಸು ಹಿಡಿದು ನಿಂತುಬಿಟ್ಟೆ. ಗೈಡಿನಲ್ಲಿ 'ಸಂತ' ಎಂದಿತ್ತು. ನಮ್ಮ ಕಡೆ ಸಂತ ಎಂದರೆ ಪಂಢರಪುರದ ದಾರಿಯವರು, ತಾಳ ಹಿಡಿದವರು. ತಂಬೂರಿ ಹಿಡಿದವರು ದಾಸರು. ಮಠದ ಗದ್ದುಗೆಯ ಮೇಲೆ ಕೂತವರು ಅಜ್ಜಾರು, ಅವರಿಗೆ ಮೀಸೆ ಚಿಗುರದಿದ್ದರೂ ಅಜ್ಜಾರೇ. ನಿಂಬೆಹಣ್ಣು ಮಂತ್ರಿಸಿಕೊಟ್ಟು ಜ್ವರ ಬಿಡಿಸುವವರು ಮುತ್ಯಾ, ಅವರು ಹಿಂದುವೋ ಮುಸಲ್ಮಾನರೋ ಕೇಳುವವರಿಲ್ಲ. ಮನೆಮಠ ಇಲ್ಲದೆ ತಿರುಗುವವರು ಸಾಧು. ಮೈಮೇಲೆ ಅರಿವೆಯ ಪರಿವೆ ಇಲ್ಲದವರು ಅವಧೂತ. ನುಡಿದಂತೆ ನಡೆದವರು ಶರಣರು. ಇಷ್ಟೆಲ್ಲ ಹೆಸರಿಟ್ಟುಕೊಂಡ ಮಂದಿ ನಾವು. ಮಕ್ಕಳಿಗೆ ಕೆಲವನ್ನು ಹೇಳಿದೆ, ಅವು ಡೈನೋಸಾರಿನ ಜಾತಿಗಳನ್ನು ಕೇಳಿದಂತೆ ಕೇಳಿದವು. ಅಯ್ಯನೋರು ಎಂಬುದನ್ನು ಮಾತ್ರ ಬರೆಸಲಿಲ್ಲ. ಬರೆಸಿದರೆ ಯಾರೆಂದು ಕೇಳುತ್ತಾರೆ. ಒಳ್ಳೆಯತನದ ಮಾತಲ್ಲ ಅದು, ಪವಾಡದ ಮಾತೂ ಅಲ್ಲ. ಒಬ್ಬರು ಬಂದು ನಿಂತು, ಇನ್ನೊಬ್ಬರು ಬಾಗಿಲು ತೆರೆದಾಗ ಮಾತ್ರ ಆಗುವಂಥದು. ಬಾಗಿಲು ತೆರೆಯದಿದ್ದರೆ ಅಲ್ಲಿ ನಿಂತಿರುವವರು ಯಾರು? ಗಂಟೆ ಹೊಡೆಯಿತು, 'ಸಂತ' ಎಂದೇ ಬರೆಸಿ ಹೊರಗೆ ಬಂದೆ.

ಆ ಸಂಜೆ ಓನರ್ ಆಂಟಿ ಮೆಟ್ಟಿಲ ಹತ್ತಿರ ತಡೆದರು.

"ನೋಡಮ್ಮ ಗಿರಿಜಾ, ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡ. ನಿಮ್ ತಂದೆಯವ್ರು ಬೆಳಗ್ಗೆ ಚೀಲ ಹಾಕ್ಕೊಂಡು ಆಚೆ ಹೋಗ್ತಾರಲ್ಲ, ನಾಲ್ಕನೇ ಕ್ರಾಸಿನವ್ರು ನನ್ನ ಕೇಳಿದ್ರು. ನಿಮ್ಮ ಬಾಡಿಗೆಯವ್ರು ಆ ಅಜ್ಜನಿಗೆ ಊಟ ಹಾಕಲ್ವಾ ಅಂತ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮೆಟ್ಟಿಲ ಮೇಲೆಯೇ ಕೂತು ಆಂಟಿಗೆ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. "ನಮ್ಮೂರಲ್ಲೂ ದಾಸಯ್ಯ ಬರೋನು ಶನಿವಾರ ಶನಿವಾರ. ನಮ್ಮತ್ತೆ ಅವನು ಶಂಖ ಊದೋ ತನಕ ಅಡುಗೆಮನೆ ಬಿಟ್ಟು ಬರೋರಲ್ಲ. ಇಲ್ಲಿ ಯಾರಿಗ್ ಗೊತ್ತಾಗುತ್ತಮ್ಮ?" ಎಂದರು.

ಗೊತ್ತಿರಬೇಕಾದವರೂ ಒಬ್ಬರಿದ್ದರು. ಮೂಲೆ ಮನೆಯ ಇಂಜಿನಿಯರ್ ಸಾಹೇಬರು ದಾವಣಗೆರೆ ಕಡೆಯವರು, ನಮ್ಮ ಜನವೇ. ಗೋಡೆಯ ತುಂಬ ಶರಣರ ಫೋಟೊ. ಅಪ್ಪನಿಗೆ ಒಂದು ಬೊಗಸೆ ಹಿಟ್ಟು ಹಾಕುತ್ತೀರಾ ಎಂದು ಆಸೆಯಿಂದ ಹೋಗಿ ಕೇಳಿದೆ. ಸೋಫಾದ ಮೇಲೆ ಕೂರಿಸಿ ಕಾಫಿ ಕೊಡಿಸಿ ಮೆತ್ತಗೆ ಹೇಳಿದರು: "ತಪ್ಪು ತಿಳ್ಕೋಬೇಡಿ ಮೇಡಂ. ನಾವು ಅದನ್ನೆಲ್ಲ ಒಪ್ಪಲ್ಲ. ದುಡಿದು ತಿನ್ನಿ ಅಂತ ಶರಣರೇ ಹೇಳಿದಾರಲ್ವಾ? ಹುಟ್ಟಿನಿಂದ ಒಬ್ರು ದೊಡ್ಡೋರು, ಅವ್ರ ಕಾಲಿಗೆ ಬೀಳ್ಬೇಕು ಅನ್ನೋದು ಸರೀನಾ, ನೀವೇ ಹೇಳಿ. ಓದ್ದೋರು ನೀವು."

ಅವರ ಮಾತಿನಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ಊರಿನಲ್ಲಿದ್ದಾಗ ಅದನ್ನೇ ನಾನು ಅಪ್ಪನ ಜೊತೆ ವಾದ ಮಾಡಿದ್ದೇನೆ. ಆದರೆ ಅಲ್ಲಿ ಮನೆಯಲ್ಲಿ ಒಬ್ಬ ಮುದುಕ ಹಾಲು ಕುಡಿದು ಮಲಗಿದ್ದಾನೆ, ಅವನ ಹೊಟ್ಟೆಗೆ ಈ ವಾದ ತುಂಬುವುದಿಲ್ಲ. ಕಾಫಿ ಮುಗಿಸಿ ಎದ್ದು ಬಂದೆ. ನನ್ನ ಯಜಮಾನರದು ಇನ್ನೊಂದು ಸಂಕಟ. ಅವರ ಮನೆತನ ಈ ನೇಮವನ್ನು ಯಾವಾಗಲೋ ಬಿಟ್ಟಿತ್ತು. "ಮಾವನ್ನ ಕೂಡಿಸಿ ಹೇಳು. ಡಿಪೋದಾಗ ಒಬ್ಬಾಂವ ಕೇಳಿದ, ನಿಮ್ಮ ಮಾವ ಭಿಕ್ಷಾ ಬೇಡ್ತಾರಂತಲ್ಲೋ ಅಂತ. ನಾ ಎಲ್ಲೆ ಮಾರಿ ಇಟ್ಕೊಳ್ಳಿ?" ಎಂದರು. ಆಮೇಲೆ ತಾವೇ ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತರು. ನಡೆದು ನಡೆದು ಅಪ್ಪನ ಹಿಮ್ಮಡಿ ಒಡೆದಿತ್ತು.

ಕೊನೆಗೆ ನಾನೇ ಒಂದು ಹಂಚಿಕೆ ಹಾಕಿದೆ. ಹುಬ್ಬಳ್ಳಿಯಿಂದ ನಮ್ಮತ್ತೆ ಬಸ್ಸಿನಲ್ಲಿ ಬಿಳಿಜೋಳದ ಚೀಲ ಕಳಿಸುತ್ತಿದ್ದರು. ಅದನ್ನು ವಿಜಯನಗರದ ಗಿರಣಿಯಲ್ಲಿ ಬೀಸಿಸಿ, ಪೊಟ್ಟಣ ಕಟ್ಟಿ, ಐದು ಮನೆಗೆ ಕೊಟ್ಟೆ. ಓನರ್ ಆಂಟಿಗೆ, ಎದುರು ಮನೆಯ ತಮಿಳು ಅಜ್ಜಿಗೆ, ಕಿರಾಣಿ ಅಂಗಡಿಯವರ ಮನೆಗೆ, ಹಿಂದಿನ ಬೀದಿಯಲ್ಲಿದ್ದ ನಮ್ಮ ಶಾಲೆಯ ಆಯಾಗೆ, ಮತ್ತು, ಸಾಹೇಬರು ಆಫೀಸಿಗೆ ಹೋದ ಮೇಲೆ, ಇಂಜಿನಿಯರರ ಹೆಂಡತಿಗೆ. ಬೆಳಿಗ್ಗೆ ನಮ್ಮಪ್ಪ ಬಂದು ನಿಂತರೆ ಗೇಟು ತೆರೆದು ಒಂದು ಬೊಗಸೆ ಹಾಕಿ, ಅಷ್ಟು ಸಾಕು ಎಂದೆ. ಪಾದ ಮುಟ್ಟಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಯಾರೂ ಇಲ್ಲವೆನ್ನಲಿಲ್ಲ. ಬೆಂಗಳೂರಿನವರ ಬಗ್ಗೆ ನಾನು ಎಷ್ಟು ಬೈದಿದ್ದರೂ ಈ ಮಾತು ಬರೆಯಲೇಬೇಕು: ಗೊತ್ತಿಲ್ಲದ್ದಕ್ಕೆ ಬಾಗಿಲು ಮುಚ್ಚುತ್ತಾರೆಯೇ ಹೊರತು, ಹೋಗಿ ಹೇಳಿದರೆ ಕೇಳುತ್ತಾರೆ.

ಮೊದಲ ದಿನ ಅಪ್ಪ ತುಂಬಿದ ಜೋಳಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ರೊಟ್ಟಿ ತಟ್ಟಿದೆ. ಎರಡು ರೊಟ್ಟಿ, ಎಣ್ಣೆಗಾಯಿ, ಮೊಸರು, ಮೇಲೆ ಇನ್ನರ್ಧ ರೊಟ್ಟಿ ತಿಂದರು. "ಈ ಊರ ಮಂದಿ ಚಲೋ ಅದಾರ. ಗುರ್ತಾ ಹಿಡ್ಯಾಕ ಸ್ವಲ್ಪ ಯಾಳೆ ತಗೊಂಡ್ರು" ಎಂದರು. ನಾನು ಒಲೆಯ ಕಡೆ ಮುಖ ಮಾಡಿ ನಿಂತುಕೊಂಡೆ. ಅಷ್ಟು ಸಂತೋಷ ನನಗೆ ಈ ಊರಿನಲ್ಲಿ ಆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಶ್ರಾವಣದುದ್ದಕ್ಕೂ ಹಾಗೇ ನಡೆಯಿತು. ಅಪ್ಪನ ಮೈ ತುಂಬಿತು, ನಶ್ಯದ ಡಬ್ಬಿ ಮತ್ತೆ ಕಿಸೆಗೆ ಬಂತು, ಮೊಸರು ಹುಳಿಯಾಗಿದೆಯೆಂದು ನನ್ನ ಮೇಲೆ ಸಿಟ್ಟು ಮಾಡಿದರು. ಬೈಸಿಕೊಂಡು ನಾನು ನಕ್ಕೆ.

ಒಂದು ಸೋಮವಾರ ಅಪ್ಪ ಒಳಗಿನಿಂದ ಕರೆದರು. ಜೋಳಿಗೆಯನ್ನು ಮೊರದಲ್ಲಿ ಬರಿದು ಮಾಡಿ ಮುಂದಿಟ್ಟುಕೊಂಡು ಕೂತಿದ್ದರು. ಬೆಳ್ಳಗಿನ ಹಿಟ್ಟಿನ ನಡುವೆ ಒಂದು ಕಡೆ ಕಂದು ಹಿಟ್ಟು ಬಿದ್ದಿತ್ತು.

"ಇದು ರಾಗಿ. ಕೆಳಗಿನ ಮನಿ ತಾಯಿ ಹಾಕ್ಯಾಳ. ಇದು ಆಕೀ ಮನಿ ಹಿಟ್ಟು" ಎಂದರು.

"ಹೌದ್ರಿ ಅಪ್ಪಾ."

"ಉಳದ ನಾಕೂ ಮನಿಯವ್ರು ಒಂದs ಹೊಲದಾಗ ಬೆಳದಾರೇನು?"

ನಾನು ಕೊಟ್ಟ ಪೊಟ್ಟಣ ತೀರಿತ್ತೆಂದು ಆಂಟಿ ತಮ್ಮ ಡಬ್ಬದಿಂದ ಹಾಕಿದ್ದರು, ಅದು ನನಗೆ ಆಮೇಲೆ ತಿಳಿಯಿತು. ಅಪ್ಪ ಬಿಳಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. ನಮ್ಮೂರಿನಲ್ಲಿ ಜೋಳಿಗೆ ಬರಿದು ಮಾಡಿದರೆ ಯಾವುದು ಯಾರ ಮನೆಯದೆಂದು ಅವ್ವ ಕೂಡ ಹೇಳುತ್ತಿದ್ದಳು. ಒಬ್ಬರದು ತರಿ, ಒಬ್ಬರದು ನುಣ್ಣಗೆ, ಒಬ್ಬರ ಮನೆಯಲ್ಲಿ ಸಜ್ಜೆ ಬೆರೆಸಿದ್ದು, ಬಡವರ ಮನೆಯದು ಹಳೇ ಜೋಳದ್ದು, ಹಳದಿ.

"ಒಂದs ಗಿರಣ್ಯಾಗ ಬೀಸಿದ್ದು, ಒಂದs ಜರಡ್ಯಾಗ ಹಿಡದದ್ದು. ಐದು ಮನಿ ಹಿಟ್ಟು ಹಿಂಗ ಇರಂಗಿಲ್ಲವ್ವಾ. ನನಗ ಮದಲs ಅನಿಸಿತ್ತು. ಉಣ್ಣೂ ಆಶಾಕ್ಕ ಸುಮ್ನಿದ್ದೆ. ಇವತ್ತು ಈ ರಾಗಿ ಬಾಜೂಕ ಇಟ್ಟು ನೋಡಿದ ಮ್ಯಾಲ ಸುಮ್ನಿರಾಕ ಆಗವಲ್ದು."

"ನೀವು ಉಣ್ಣಲಾರದ ಕುಂತ್ರ ನಾ ಏನ್ ಮಾಡ್ಬೇಕಾಗಿತ್ರಿ?" ಎಂದೆ. ದನಿ ನನಗೇ ಗೊತ್ತಿಲ್ಲದೆ ಏರಿತ್ತು.

"ಏನೂ ಮಾಡೂ ಹಂಗಿರಲಿಲ್ಲ. ನೀ ಉಣಸಬೇಕಂತ ಮಾಡಿ, ತಪ್ಪಿಲ್ಲ. ಆದ್ರ ಮಗಳ ಮನಿ ಹಿಟ್ಟು ಐದು ಬಾಗಲಾ ತಿರಗಿ ತಂದ್ರ ಅದು ಭಿಕ್ಷಾ ಅಲ್ಲ, ಆಟ." ಮೊರವನ್ನು ನನ್ನ ಕಡೆ ಸರಿಸಿ, "ನಾಳಿಂದ ನೀ ಹಾಕಿದ್ದು ಉಣ್ತೇನಿ. ಎಷ್ಟೊತ್ತಿಗಿ ಹಾಕ್ತಿ ಅಷ್ಟೊತ್ತಿಗಿ" ಎಂದರು.

ನಾನು ಬೇಡಿಕೊಂಡೆ. ಆ ರಾಗಿಯಾದರೂ ನಿಜವಲ್ಲವೇ, ಆಂಟಿ ಯಾರೂ ಹೇಳದೆ ತಮ್ಮ ಮನೆಯದನ್ನು ಹಾಕಿದ್ದಾರಲ್ಲ, ಒಂದು ಬಾಗಿಲು ತೆರೆಯಿತಲ್ಲ ಎಂದೆ. "ಒಂದು ತಗೀತು. ಆ ತಾಯಿಗೆ ಪುಣ್ಯಾ ಬರಲಿ. ಇನ್ನ ನಾಕು ತಗಿಯೂ ತನಕ ನಾ ಬದಕಂಗಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲೇ ಇಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಜೋಳಿಗೆ ಒಗೆದು, ಒಣಗಿಸಿ, ಮಡಚಿ ಟ್ರಂಕಿನ ತಳಕ್ಕೆ ಹಾಕಿದರು.

ಮರುದಿನ ಆಂಟಿ ಮೇಲೆ ಬಂದರು. "ಯಾಕಮ್ಮ, ಅಯ್ನೋರು ಬರ್ಲೇ ಇಲ್ಲ? ಬಾಗಿಲು ತೊಳ್ದು ಕಾಯ್ತಾ ಇದ್ದೆ" ಎಂದು ಕೇಳಿದರು. ಅವರ ಬಾಯಲ್ಲಿ ಆ ಪದ ಬಂದದ್ದು ಅದೇ ಮೊದಲು. ಅವರಿಗೆ ಏನೋ ಒಂದು ಸಬೂಬು ಹೇಳಿ ಕಳಿಸಿ, ಶಾಲೆಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಆಮೇಲಿನದು ಹೇಳಲು ಹೆಚ್ಚಿಲ್ಲ. ನಾನು ಬೇಡಿದ್ದೇ ಸಿಕ್ಕಿತು. ಅಪ್ಪ ಹಾಕಿದ್ದನ್ನು ಹಾಕಿದ ಹೊತ್ತಿಗೆ ಊಟ ಮಾಡುತ್ತಾರೆ. ಉಪ್ಪು ಕಮ್ಮಿಯಾದರೆ ಹೇಳುವುದಿಲ್ಲ, ಮೊಸರು ಹುಳಿಯಾದರೆ ಬೈಯುವುದಿಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಾರೆ, ಪೂಜೆ ಐದು ನಿಮಿಷಕ್ಕೆ ಮುಗಿಯುತ್ತದೆ. ಮಧ್ಯಾಹ್ನ ಸೀರಿಯಲ್ಲು, ಸಂಜೆ ಸೀರಿಯಲ್ಲು. ಅತ್ತೆ ಸೊಸೆಯರು ಕಿತ್ತಾಡುವುದನ್ನು ಮುಖದಲ್ಲಿ ಏನೂ ಇಲ್ಲದೆ ನೋಡುತ್ತಾರೆ. ಯಜಮಾನರು ಡಿಪೋದಲ್ಲಿ ತಲೆ ಎತ್ತಿ ಓಡಾಡುತ್ತಾರೆ. ನಾಲ್ಕನೇ ಕ್ರಾಸಿನವರು ಆಂಟಿಯ ಹತ್ತಿರ, ಈಗ ಆ ಅಜ್ಜ ಕಾಣಲ್ಲ, ಮಗಳು ಸರಿಯಾಗಿ ನೋಡ್ಕೊಂತಾಳೆ ಅನ್ಸುತ್ತೆ ಎಂದು ನನ್ನನ್ನು ಹೊಗಳಿದರಂತೆ. ನಮ್ಮಪ್ಪ ನನ್ನ ಕಣ್ಣೆದುರಿಗೆ ದಿನಾ ಮೂರು ಹೊತ್ತು ಉಂಡು ಇಲ್ಲವಾಗುತ್ತಿದ್ದಾರೆ.

ಹೋದ ಭಾನುವಾರ ಸಂಜೆ ಗಂಡ ಹೆಂಡತಿ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಅವನ ಕಾಲಿಗೆ ಸಿಮೆಂಟು ಮೆತ್ತಿತ್ತು, ಅವಳ ತೋಳಿನಲ್ಲಿ ಕುಂಚಿಗೆ ಕಟ್ಟಿದ ಹಸುಗೂಸು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ ರೀತಿಯಿಂದಲೇ ನಮ್ಮ ಕಡೆಯವರೆಂದು ತಿಳಿಯಿತು.

"ಅಯ್ನೋರ ಮನಿ ಇದs ಏನ್ರೀ? ಮಲ್ಲತ್ತಹಳ್ಳಿ ಕೆರಿ ಬಾಜೂಕ ಶೆಡ್ಡಿನ್ಯಾಗ ಅದೀವ್ರಿ ನಾವು, ಕಟ್ಟಡದ ಕೆಲಸಕ್ಕ. ಜೋಳಿಗಿ ಹಾಕ್ಕೊಂಡು ಈ ಕಡೆ ಒಬ್ರು ತಿರಗ್ತಿದ್ರು ಅಂತ ಹೇಳಿದ್ರು. ಕೂಸಿಗಿ ಲಿಂಗಾ ಕಟ್ಟಿಸಬೇಕಾಗಿತ್ರಿ. ಭಾಳ ಹುಡುಕಿದಿವಿ" ಎಂದ ಅವನು.

ತಿರುಗಿ ನೋಡಿದೆ. ಅಪ್ಪ ಟೀವಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಎದ್ದೇಳುತ್ತಾರೆ, ಟ್ರಂಕಿಗೆ ಕೈ ಹಾಕುತ್ತಾರೆ ಎಂದು ಕಾದೆ. ಅವರು ರಿಮೋಟಿನಿಂದ ಶಬ್ದ ಸ್ವಲ್ಪ ಕಮ್ಮಿ ಮಾಡಿದರು.

"ಇಲ್ಲೆ ಅಯ್ಯ ಯಾರೂ ಇಲ್ಲಪಾ. ಇದು ಸಾಲಿ ಅಕ್ಕೋರ ಮನಿ. ನಾ ಅಕಿ ಅಪ್ಪ" ಎಂದರು.

"ಅಪ್ಪಾ" ಎಂದೆ ನಾನು. ಅವರು ನನ್ನ ಕಡೆ ನೋಡಲಿಲ್ಲ. ಹೆಂಡತಿಗೆ ಮಾತ್ರ ನಂಬಿಕೆ ಬಂದಂತೆ ಕಾಣಲಿಲ್ಲ. ಅವರ ಹಣೆಯ ವಿಭೂತಿ ನೋಡಿದಳು, ಕೊರಳಿನ ರುದ್ರಾಕ್ಷಿ ನೋಡಿದಳು. ಕೂಸನ್ನು ಗಂಡನ ಕೈಗೆ ಕೊಟ್ಟು ಹೊಸ್ತಿಲು ದಾಟಿ ಒಳಬಂದು, ಕುರ್ಚಿಯ ಮುಂದೆ ಬಗ್ಗಿದಳು. ಅಪ್ಪ ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅವಳ ಕೈ ಮೊಸಾಯಿಕ್ ನೆಲವನ್ನು ಮುಟ್ಟಿತು.

ಅವರನ್ನು ಕಳಿಸಲು ಗೇಟಿನವರೆಗೆ ಇಳಿದು ಹೋದೆ. ಕೆಂಗೇರಿ ರಸ್ತೆಯಲ್ಲಿ ಒಂದು ಮಠವಿದೆ, ಅಲ್ಲಿ ವಿಚಾರಿಸಿ ಎಂದು ಬಸ್ಸಿನ ನಂಬರು ಹೇಳಿದೆ. ಅವಳು ಕೂಸಿನ ಕುಂಚಿಗೆ ಬಿಗಿ ಮಾಡುತ್ತಾ, "ಅಕ್ಕಾರ, ನಿಮ್ಮದು ಯಾ ಊರ್ರೀ?" ಎಂದು ಕೇಳಿದಳು.

ಊರಿನ ಹೆಸರು ಹೇಳಿದರೆ ಸಾಕಿತ್ತು. ಆ ಹೊಳೆಸಾಲಿನಲ್ಲಿ ನಮ್ಮೂರ ಅಯ್ಯನೋರು ಯಾರೆಂದು ತಿಳಿಯದವರಿಲ್ಲ. ಅವರು ಮತ್ತೆ ಮೆಟ್ಟಿಲು ಹತ್ತುತ್ತಿದ್ದರು, ಅಪ್ಪ ಮತ್ತೆ ಕಾಲು ಎಳೆದುಕೊಳ್ಳುತ್ತಿದ್ದರು. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ.

"ಇಲ್ಲೇ ಕಣಮ್ಮ," ಎಂದೆ, "ಚಂದ್ರಾ ಲೇಔಟ್ ನಮ್ದು."

ಅವಳು ತಲೆಯಾಡಿಸಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, "ಮನ್ಯಾಗ ನೀವು ಅಪ್ಪಾ ಅಂತ ಕರದದ್ದು ನಮ್ಮ ಕಡೀ ದನಿ ಅನಿಸಿತ್ರಿ" ಎಂದಳು.